ಗುಂಡು ಸಿಕ್ಕ ಜಾಗ

ಹೋದ ವರ್ಷ ಎಳ್ಳ ಅಮಾವಾಸ್ಯೆ ಮುಗಿದು ಎರಡು ದಿನ ಆಗಿತ್ತು. ಹೊಲಗಳಲ್ಲಿ ಚರಗ ಚೆಲ್ಲಿದ ಗುರುತು ಇನ್ನೂ ಹಾಗೇ ಇತ್ತು. ಕೃಷ್ಣಾ ದಂಡೆಯ ಒಂದು ಹಳ್ಳಿಗೆ 11ಇ ನಕ್ಷೆ, ಅಂದರೆ ಜಮೀನಿನ ಒಂದು ಭಾಗ ಮಾರುವಾಗ ಬೇಕಾಗುವ ಅಳತೆ ನಕ್ಷೆ, ಮಾಡಲು ಹೋಗಿದ್ದೆ. ಮೂರು ಎಕರೆ ಎಂಟು ಗುಂಟೆ ಜಮೀನು. ಅದರಲ್ಲಿ ರಸ್ತೆಗೆ ಹತ್ತಿದ ಒಂದು ಎಕರೆ ಮಾರಾಟಕ್ಕಿತ್ತು. ಕೊಳ್ಳುವವರು ಎನ್‌ಎ ಮಾಡಿಸಿ, ಅಂದರೆ ಕೃಷಿಯಿಂದ ಬೇರೆ ಬಳಕೆಗೆ ಬದಲಿಸಿ, ಪ್ಲಾಟ್ ಹಾಕುವವರು.

ಗಡಿ ತೋರಿಸುವ ಬಾಂದ ಕಲ್ಲು ಹುಡುಕುತ್ತಾ ಬದುವಿನ ಗುಂಟ ನಡೆದೆ. ಮೂರು ಮೂಲೆಯ ಕಲ್ಲು ಸಿಕ್ಕವು. ನಾಲ್ಕನೆಯದು ಇರಬೇಕಾದ ಕಡೆ ಎರಡಾಳು ಆಳದ ತೆಗ್ಗು. ಅಲ್ಲೊಂದು ಮಸಾರಿ ದಿನ್ನೆ ಇದ್ದದ್ದು ಹಳೆಯ ಸರ್ವೇ ಟಿಪ್ಪಣಿಯಲ್ಲಿ ಕಾಣುತ್ತಿತ್ತು. ಈಗ ದಿನ್ನೆಯ ಅರ್ಧ ಭಾಗ ಇಲ್ಲ. ರಸ್ತೆಗೆ ಹಾಕುವ ಗರಸು ಮಣ್ಣು ಹೊಡೆದಿದ್ದಾರೆ. ಕಡಿದ ಗೋಡೆಯ ಮೇಲೆ ಜೆಸಿಬಿ ಹಲ್ಲಿನ ಗೆರೆಗಳು ಒಂದರ ಪಕ್ಕ ಒಂದು, ಹೆಂಟೆ ಉದುರದೆ ಹಾಗೇ ನಿಂತಿದ್ದವು.

ಬಿಸಿಲು ಏರಿತ್ತು. ಪಕ್ಕದ ಹೊಲದ ಮನೆಯ ಅಜ್ಜಿ ಕರೆದು ಚಹಾ ಕೊಟ್ಟಳು. ಒಳಗೆ ಹೋಗುವಾಗ ಬಾಗಿಲ ಬುಡದಲ್ಲಿ ಇಟ್ಟಿದ್ದ ಕಲ್ಲು ಕಣ್ಣಿಗೆ ಬಿತ್ತು. ಗಾಳಿಗೆ ಬಾಗಿಲು ಬಡಿಯಬಾರದು ಅಂತ ಇಟ್ಟದ್ದು. ಸುಲಿದ ದೊಡ್ಡ ತೆಂಗಿನಕಾಯಿಯಷ್ಟಿದೆ. ಕರೀ ಕಲ್ಲು. ಪೂರ್ತಿ ಉರುಟು. ಎತ್ತಿ ನೋಡಿದೆ, ಮೂರು ಕೆ.ಜಿ. ಮೇಲೇ ಇರಬೇಕು. ಒಂದು ಕಡೆ ಬಾಗಿಲಿಗೆ ತಿಕ್ಕಿ ತಿಕ್ಕಿ ನುಣುಪಾಗಿದೆ. ಇನ್ನೊಂದು ಕಡೆ ಬೆರಳಾಡಿಸಿದರೆ ಉಳಿಯ ಸಣ್ಣ ಸಣ್ಣ ಗುಳಿಗಳು ಸಿಗುತ್ತವೆ. ಹೊಳೆಯ ನೀರು ಉರುಟು ಮಾಡಿದ ಕಲ್ಲಿಗೆ ಉಳಿ ಗುರುತು ಇರುವುದಿಲ್ಲ, ಅಲ್ವಾ?

"ಯವ್ವಾ, ಇದು ಎಲ್ಲಿ ಸಿಕ್ಕಿತ್ತ್ರಿ?" ಅಂದೆ.

"ನಮ್ಮ ಮಾವಗ ಗಳೇ ಹೊಡಿಮುಂದ ಸಿಕ್ಕಿತ್ತಂತ ತಮ್ಮಾ. ದಂಡಿನ ಗುಂಡ ಅಂತಿದ್ದ ಅಂವ."

"ಯಾವ ಹೊಲದಾಗ?"

ಅಜ್ಜಿ ಕೈ ಚಾಚಿ ತೋರಿಸಿದಳು. "ಅಕಾ, ಗರಸ ಹೊಡದಾರಲ್ಲ, ಅಲ್ಲೆ."

ಆಮೇಲೆ ಅವಳ ಮುಖ ಸಣ್ಣದಾಯಿತು. ನನ್ನ ಕೈಯಲ್ಲಿದ್ದ ನಕ್ಷೆ, ಹೊರಗೆ ನಿಲ್ಲಿಸಿದ್ದ, ಉಪಗ್ರಹದ ಸಹಾಯದಿಂದ ಜಾಗ ಗುರುತಿಸುವ ರೋವರ್ ಕಂಬ ನೋಡಿದಳು. "ಯಾರಿಗೂ ಹೇಳಬ್ಯಾಡ ತಮ್ಮಾ. ಸರಕಾರದವ್ರು ಬಂದ್ರ ಹೊಲಾ ಕಸಗೊಂತಾರ."

ಆ ಮಾತು ನನ್ನನ್ನು ಬಿಟ್ಟಿಲ್ಲ. ಈ ಬರಹ ಅದಕ್ಕೇ.

ನಾನು ಲೈಸೆನ್ಸ್ ಇರುವ ಭೂಮಾಪಕ. ಹದಿನೈದು ವರ್ಷದಿಂದ ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಜಮೀನು ಅಳೆದು ಬದುಕು ಮಾಡಿದ್ದೇನೆ. ಅಜ್ಜಿಯ ಹೆದರಿಕೆ ನನಗೆ ಬೇರೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮದೂ ಮುಳುಗಡೆ ಮನೆತನ. ನಮ್ಮೂರು ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅಪ್ಪ ದಂಡೆಗೆ ಕರೆದುಕೊಂಡು ಹೋಗುತ್ತಿದ್ದ. ಕೆಸರಿನ ಆಚೆಗೆ ಬೆರಳು ತೋರಿಸಿ, ಅಲ್ಲಿ ಹನುಮಪ್ಪನ ಗುಡಿ, ಅದರ ಎಡಕ್ಕೆ ನಮ್ಮ ಹಿತ್ತಲು, ಅಲ್ಲೇ ನಿಮ್ಮ ಮುತ್ಯಾನ ಗದ್ದಿಗೆ ಅಂತ ಹೇಳುತ್ತಿದ್ದ. ನನಗೆ ಕಾಣುತ್ತಿದ್ದುದು ಬರೀ ಕೆಸರು. ಅವನಿಗೆ ಅಳತೆ ಸಮೇತ ಎಲ್ಲ ಕಾಣುತ್ತಿತ್ತು. ಅಪ್ಪ ಹೋದ ಮೇಲೆ ಆ ಜಾಗಗಳನ್ನು ಗುರುತಿಸಿ ಹೇಳುವವರು ನಮ್ಮ ಮನೆಯಲ್ಲಿ ಯಾರೂ ಉಳಿದಿಲ್ಲ.

ಅದಕ್ಕೇ ಜಾಗ ಅನ್ನುವ ಮಾತು ಬಂದರೆ ನಾನು ಸುಮ್ನೆ ಕೂರುವವನಲ್ಲ. ಒಂದು ಘಟನೆ ನಡೆದ ನೆಲಕ್ಕೂ ಅದರ ಬಗ್ಗೆ ಹೇಳುವ ಮಾತಿಗೂ ಬಹಳ ವ್ಯತ್ಯಾಸ ಇದೆ. ಮಾತು ಬಾಯಿಂದ ಬಾಯಿಗೆ ಹೋಗುತ್ತಾ ಬದಲಾಗುತ್ತದೆ. ನೆಲ ಬದಲಾಗುವುದು ಯಾರಾದರೂ ಅಗೆದಾಗ ಮಾತ್ರ. ನೀರೋ ಗಾಳಿಯೋ ಬದಲಾಯಿಸಿದರೂ ಅದಕ್ಕೆ ನೂರಾರು ವರ್ಷ ಬೇಕು. ಜೆಸಿಬಿಗೆ ಎರಡು ದಿನ ಸಾಕು.

ಶಾಲೆಯಲ್ಲಿ ನಾವು 'ತಾಳಿಕೋಟೆ ಯುದ್ಧ, 1565' ಅಂತ ಬಾಯಿಪಾಠ ಮಾಡಿದೆವು. ಈ ಭಾಗದ ಹಿರಿಯರನ್ನು ಕೇಳಿದರೆ ರಕ್ಕಸಗಿ-ತಂಗಡಗಿ ಯುದ್ಧ ಅನ್ನುತ್ತಾರೆ. ಬನ್ನಿಹಟ್ಟಿ ಕದನ ಅನ್ನುವ ಹೆಸರೂ ಉಂಟು. ತಾಳಿಕೋಟೆ ಡೋಣಿ ನದಿಯ ದಂಡೆಯ ಊರು. ಕೃಷ್ಣೆಯಿಂದ ಹರದಾರಿಗಟ್ಟಲೆ ದೂರ. 1564ರ ಕೊನೆಗೆ ಸುಲ್ತಾನರ ಸೈನ್ಯಗಳು ಬಂದು ಕೂಡಿದ್ದು ಅಲ್ಲಿ. ಹಾಗಾಗಿ ಆ ಹೆಸರು ಗಟ್ಟಿಯಾಯಿತು. ಕಾದಾಡಿದ್ದು ಅಲ್ಲಿಂದ ದಕ್ಷಿಣಕ್ಕೆ, ಕೃಷ್ಣೆಯ ಬಯಲಿನಲ್ಲಿ. ತಂಗಡಗಿ ನದಿಯ ಉತ್ತರ ದಂಡೆಗೆ, ಮುದ್ದೇಬಿಹಾಳ ಕಡೆ. ರಕ್ಕಸಗಿ ದಕ್ಷಿಣಕ್ಕೆ, ಹುನಗುಂದ ಕಡೆ. ಇನ್ನು ಕೆಲವು ಇತಿಹಾಸಕಾರರು ನಿಜವಾದ ರಣಭೂಮಿಯನ್ನು ಇನ್ನೂ ಕೆಳಗೆ, ಮುದಗಲ್ಲಿನ ದಿಕ್ಕಿಗೆ ಒಯ್ಯುತ್ತಾರೆ. ದಕ್ಷಿಣ ಭಾರತದ ಚರಿತ್ರೆಯನ್ನೇ ತಿರುಗಿಸಿದ ಯುದ್ಧ ಇದು. ಅದು ನಡೆದ ಬಯಲಿಗೆ ಇವತ್ತಿಗೂ ಒಂದು ಗಟ್ಟಿ ಚಕಬಂದಿ ಇಲ್ಲ. ನನ್ನ ಕಸುಬಿನ ಮಾತಿನಲ್ಲಿ ಹೇಳುವುದಾದರೆ ಹದ್ದುಬಸ್ತು ಆಗದ, ಗಡಿ ಗುರುತಿಸದ ಜಮೀನು.

ಒಬ್ಬ ಭೂಮಾಪಕನಾಗಿ ಆ ಯುದ್ಧದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ನದಿ ದಾಟಿದ ಸಂಗತಿ. ಆಚೆ ದಂಡೆಯಲ್ಲಿ ವಿಜಯನಗರದ ಸೈನ್ಯ ಹಾಯಗಡ, ಅಂದರೆ ನದಿ ದಾಟಬಹುದಾದ ಆಳವಿಲ್ಲದ ಜಾಗ, ಕಾದು ನಿಂತಿತ್ತು. ಮಣ್ಣಿನ ಒಡ್ಡು ಹಾಕಿ ಫಿರಂಗಿ ಇಟ್ಟಿದ್ದರು. ಈಚೆ ದಂಡೆಯಲ್ಲಿ ಸುಲ್ತಾನರು. ಎದುರಿಗೇ ದಾಟಿದರೆ ಸಾವು. ಆಗ ಅವರು ಬೇರೆ ಹಾಯಗಡ ಹುಡುಕುವವರಂತೆ ದಂಡೆಗುಂಟ ನಡೆಯತೊಡಗಿದರು. ಆಚೆಯವರೂ ಕಾವಲು ಬಿಟ್ಟು ಅವರ ಜೋಡಿಯೇ ನಡೆದರು. ಹೀಗೆ ಎರಡು ಮೂರು ದಿನ ನಡೆಸಿ, ಒಂದು ರಾತ್ರಿ ಸುಲ್ತಾನರ ಕುದುರೆಗಳು ಗಕ್ಕನೆ ತಿರುಗಿ ಮೊದಲಿನ ಹಾಯಗಡಕ್ಕೇ ಬಂದು ನದಿ ಇಳಿದವು. ಬೆಳಗಾಗುವುದರೊಳಗೆ ದಾಟಿ ಆಗಿತ್ತು.

ನದಿ ಎಲ್ಲಿ ತಿರುಗಿದೆ, ಎಲ್ಲಿ ಹಾಸುಬಂಡೆ ಇದೆ, ಯಾವ ದಂಡೆ ಎತ್ತರ, ಯಾವುದು ಇಳಿಜಾರು ಅನ್ನುವುದನ್ನು ಕಣ್ಣಾರೆ ನೋಡದೆ ಈ ಕಥೆ ತಿಳಿಯುವುದಿಲ್ಲ. ಪುಸ್ತಕದಲ್ಲಿ ಅದು ಒಂದು ಸಾಲು. ದಂಡೆಯ ಮೇಲೆ ನಿಂತಾಗ ಮಾತ್ರ, ಅಲ್ಲಿಂದ ಎಷ್ಟು ದೂರದವರೆಗೆ ಆಚೆಯವರ ಚಲನೆ ಕಾಣುತ್ತಿತ್ತು, ಎಲ್ಲಿ ಕಣ್ಮರೆ ಆಗುತ್ತಿತ್ತು ಅನ್ನುವುದು ಗೊತ್ತಾಗುತ್ತದೆ. ತಂಗಡಗಿಯ ಸೇತುವೆ ಮೇಲೆ ಬೈಕ್ ನಿಲ್ಲಿಸಿ ನಾನು ಎಷ್ಟೋ ಸಲ ನೋಡಿದ್ದೇನೆ. ಈಗ ಅಲ್ಲಿ ಬಸವಸಾಗರದ ಹಿನ್ನೀರು ನಿಂತಿದೆ. ನಾರಾಯಣಪುರದಲ್ಲಿ ಆಣೆಕಟ್ಟು ಮುಗಿದದ್ದು 1982ರಲ್ಲಿ. ಆ ನೀರಿನಿಂದ ಲಕ್ಷಗಟ್ಟಲೆ ಎಕರೆ ಹಸಿರಾಗಿದೆ, ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ 1565ರ ಹೊಳೆಯ ಮುಖ ಅಲ್ಲಿ ಇಲ್ಲ. ಉಳಿದಿರುವುದು ದಂಡೆಯ ಮೇಲಿನ ಬಯಲು ಮಾತ್ರ. ಈಗ ಗರಸಿಗೆ, ಪ್ಲಾಟಿಗೆ ಹೋಗುತ್ತಿರುವುದೂ ಅದೇ.

ಅದೇ ನದಿಯ ಮೇಲ್ಭಾಗದಲ್ಲಿ ಕೂಡಲಸಂಗಮ ಇದೆ. ಹಿನ್ನೀರು ಬರುತ್ತದೆ ಅಂತ ಗೊತ್ತಾದಾಗ ಬಸವಣ್ಣನವರ ಐಕ್ಯಸ್ಥಳವನ್ನು ನಾವು ಬಿಟ್ಟುಕೊಡಲಿಲ್ಲ. ಸುತ್ತಲೂ ಬಾವಿಯ ಹಾಗೆ ಗೋಡೆ ಎಬ್ಬಿಸಿ, ಹೊರಗೆ ನೀರು ನಿಂತರೂ ಒಳಗೆ ಇಳಿದು ದರ್ಶನ ಮಾಡುವ ಹಾಗೆ ಉಳಿಸಿಕೊಂಡೆವು. ಐಕ್ಯಲಿಂಗವನ್ನು ಕಿತ್ತು ಬೇರೆ ಕಡೆ ಇಟ್ಟಿದ್ದರೆ ಖರ್ಚು ಕಡಿಮೆ ಆಗುತ್ತಿತ್ತೇನೋ. ಯಾರೂ ಒಪ್ಪುತ್ತಿರಲಿಲ್ಲ. ಆ ಜಾಗವೇ ಬೇಕು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಜಾಗದ ಬೆಲೆ ನಮ್ಮ ಜನಕ್ಕೆ ತಿಳಿಯದ್ದಲ್ಲ.

ಯುದ್ಧದ ದಿನ, 1565ರ ಜನವರಿ 23ರಂದು, ಅಳಿಯ ರಾಮರಾಯ ಮುಪ್ಪಿನಲ್ಲಿದ್ದ. ಪಲ್ಲಕ್ಕಿಯಲ್ಲಿ ಕೂತೇ ಸೈನ್ಯದ ನಡುಭಾಗವನ್ನು ನಡೆಸುತ್ತಿದ್ದ. ಎರಡು ಕಡೆ ತಮ್ಮಂದಿರು ತಿರುಮಲ ಮತ್ತು ವೆಂಕಟಾದ್ರಿ. ಎದುರಿಗೆ ಅಹಮದ್‌ನಗರದ ಹುಸೇನ್ ನಿಜಾಂ ಷಾ, ವಿಜಯಪುರದ ಅಲಿ ಆದಿಲ್ ಷಾ, ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ, ಬೀದರದ ಅಲಿ ಬರೀದ್. ನಿಜಾಂ ಷಾನ ಫಿರಂಗಿಗಳು ಸಾಲುಸಾಲಾಗಿ ನಿಂತಿದ್ದವು. ವಿಜಯಪುರದ ಆಸ್ಥಾನದಲ್ಲೇ ಇದ್ದು ಮುಂದೆ ಚರಿತ್ರೆ ಬರೆದ ಫೆರಿಸ್ತಾ ಒಂದು ಸಂಗತಿ ಹೇಳುತ್ತಾನೆ. ವಿಜಯನಗರದವರು ತೀರಾ ಹತ್ತಿರ ನುಗ್ಗಿ ಬಂದಾಗ ಫಿರಂಗಿಗಳಿಗೆ ಗುಂಡಿನ ಬದಲು ತಾಮ್ರದ ನಾಣ್ಯದ ಚೀಲ ತುಂಬಿ ಹಾರಿಸಿದರಂತೆ. ಕ್ಷಣದಲ್ಲಿ ಸಾವಿರಾರು ಜನ ಬಿದ್ದರಂತೆ. ಆಮೇಲೆ ರಾಮರಾಯ ಸೆರೆಸಿಕ್ಕ, ತಲೆ ಹೋಯಿತು, ಸೈನ್ಯ ಚೆದುರಿತು. ಹಂಪಿಯ ಪಾಡು ಎಲ್ಲರಿಗೂ ಗೊತ್ತಿರುವುದೇ.

ಆ ತಾಮ್ರದ ನಾಣ್ಯದ ಬಗ್ಗೆ ನಾನು ಬಹಳ ಯೋಚನೆ ಮಾಡಿದ್ದೇನೆ. ಫೆರಿಸ್ತಾ ಹೇಳಿದ್ದು ನಿಜವಾದರೆ ಆ ನಾಣ್ಯಗಳು ಎಲ್ಲಿ ಹೋದವು? ಕೆಲವು ಮೈಯೊಳಗೆ ಹೊಕ್ಕವು. ಕೆಲವನ್ನು ಅವತ್ತೇ ಹೆಕ್ಕಿಕೊಂಡಿರಬಹುದು. ಮಿಕ್ಕವು ಮಣ್ಣಿಗೆ ಬಿದ್ದವು. ಎರೆ ಭೂಮಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೇಲಿದ್ದ ವಸ್ತುವನ್ನು ನುಂಗುತ್ತದೆ. ಮಳೆ ಬಂದರೆ ಮುಚ್ಚಿಕೊಳ್ಳುತ್ತದೆ. ತಾಮ್ರ ಹಸಿರುಗಟ್ಟುತ್ತದೆ, ಆದರೆ ಸುಲಭಕ್ಕೆ ಕರಗಿ ಹೋಗುವುದಿಲ್ಲ. ಒಂದು ಬಯಲಿನಲ್ಲಿ ಬಗ್ಗಿದ, ಚಪ್ಪಟೆಯಾದ ನಾಣ್ಯಗಳು ಬೀಸಣಿಗೆಯ ಆಕಾರದಲ್ಲಿ ಚೆದುರಿ ಸಿಕ್ಕರೆ, ಬೀಸಣಿಗೆಯ ಹಿಡಿ ಇರುವ ಕಡೆ ಫಿರಂಗಿ ಇತ್ತು ಅಂತ ಅರ್ಥ. ಅಲ್ಲಿಂದ ಇಡೀ ಯುದ್ಧದ ನಕ್ಷೆ ಬಿಚ್ಚಿಕೊಳ್ಳುತ್ತದೆ. ಯಾವ ಹೆಸರು ಸರಿ, ಯಾವ ಊರು ಸರಿ ಅನ್ನುವ ಹಳೆಯ ಜಗ್ಗಾಟಕ್ಕೆ ಮಣ್ಣೇ ಸಾಕ್ಷಿ ಹೇಳುತ್ತದೆ. ಆ ಮಣ್ಣನ್ನು ಟಿಪ್ಪರ್‌ಗೆ ತುಂಬಿ ಎಲ್ಲೋ ರಸ್ತೆಗೆ ಹಾಕಿಬಿಟ್ಟರೆ ಸಾಕ್ಷಿಯೂ ಹೋಯಿತು. ನಾಣ್ಯ ಆಮೇಲೆ ರಸ್ತೆ ಬದಿ ಸಿಕ್ಕರೂ ಅದು ಬರೀ ತಾಮ್ರದ ಚೂರು.

ಇದು ನನ್ನ ಕನಸಿನ ಮಾತಲ್ಲ. ಇಂಗ್ಲೆಂಡಿನಲ್ಲಿ ಬಾಸ್‌ವರ್ತ್ ಅಂತ ಒಂದು ಯುದ್ಧ ನಡೆದಿತ್ತು, 1485ರಲ್ಲಿ. ಅವರ ರಾಜ ಮೂರನೇ ರಿಚರ್ಡ್ ಸತ್ತದ್ದು ಅಲ್ಲಿಯೇ. ಒಂದು ಗುಡ್ಡದ ಮೇಲೆ ನಡೆಯಿತು ಅಂತ ನಂಬಿ ಅಲ್ಲೇ ವಸ್ತುಪ್ರದರ್ಶನ ಕಟ್ಟಿ, ಬಾವುಟ ನಿಲ್ಲಿಸಿದ್ದರು. ಆಮೇಲೆ ಪುರಾತತ್ವದವರು ಲೋಹಶೋಧಕ ಹಿಡಿದು ಸುತ್ತಲಿನ ಹೊಲಗಳನ್ನು ಸಾಲು ಹಿಡಿದು ವರ್ಷಗಟ್ಟಲೆ ಹುಡುಕಿದರು. ಸುಮಾರು ಮೂರು ಕಿಲೋಮೀಟರ್ ಆಚೆ, ರೈತರ ಉಳುಮೆಯ ಹೊಲದಲ್ಲಿ ಫಿರಂಗಿಯ ಸೀಸದ ಗುಂಡುಗಳು ಸಿಕ್ಕವು, 30ಕ್ಕೂ ಹೆಚ್ಚು. ಜೊತೆಗೆ ಬೆಳ್ಳಿಯ ಒಂದು ಸಣ್ಣ ಕಾಡುಹಂದಿ ಬಿಲ್ಲೆ. ಕಾಡುಹಂದಿ ರಿಚರ್ಡನ ಲಾಂಛನ. ಬಹಳ ಕಾಲ ಜನ ತಪ್ಪು ಜಾಗ ತೋರಿಸುತ್ತಿದ್ದರು. ಹೊಲ ಹೊಲವಾಗಿಯೇ ಉಳಿದಿದ್ದರಿಂದ ನಿಜ ಗೊತ್ತಾಯಿತು. ಅಮೆರಿಕದಲ್ಲಿ ಸೈನ್ಯಕ್ಕೂ ಮೂಲನಿವಾಸಿಗಳಿಗೂ ಯುದ್ಧ ನಡೆದ ಲಿಟಲ್ ಬಿಗ್‌ಹಾರ್ನ್ ಬಯಲಿನಲ್ಲಿ 1983ರಲ್ಲಿ ಹುಲ್ಲಿಗೆ ಬೆಂಕಿ ಬಿತ್ತು. ನೆಲ ಬರಿದಾದ ಮೇಲೆ ತೋಟಾಗಳ ಖಾಲಿ ಕೋಶಗಳನ್ನು ಒಂದೊಂದಾಗಿ ನಕ್ಷೆಗೆ ಏರಿಸಿದರು. ಪ್ರತಿ ಬಂದೂಕು ತನ್ನ ತೋಟಾದ ಹಿಂಬದಿಗೆ ಒಂದು ಗುರುತು ಬಿಡುತ್ತದೆ. ಆ ಗುರುತು ಹಿಡಿದು, 1876ರ ಯುದ್ಧದಲ್ಲಿ ಒಂದೇ ಬಂದೂಕು ಎಲ್ಲಿಂದ ಎಲ್ಲಿಗೆ ಓಡಿತು ಅನ್ನುವುದನ್ನೂ ಹೇಳಿದರು. ಅಲ್ಲಿನ ಮೂಲನಿವಾಸಿಗಳು ತಮ್ಮ ಹಿರಿಯರಿಂದ ಕೇಳಿ ಹೇಳುತ್ತಿದ್ದ ಎಷ್ಟೋ ಮಾತುಗಳಿಗೆ ಆ ತೋಟಾಗಳು ಬೆಂಬಲ ಕೊಟ್ಟವು. ಅದುವರೆಗೆ ಅವರ ಮಾತನ್ನು ಬರೆದಿಟ್ಟ ಚರಿತ್ರೆ ಅಷ್ಟಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ.

ಆ ಎರಡೂ ಕಡೆ ಜಾಗದ ಸಮೇತ ಸಿಕ್ಕಿದ್ದಕ್ಕೇ ವಸ್ತುವಿಗೆ ಬೆಲೆ ಬಂತು. ನಮ್ಮ ಅಜ್ಜಿಯ ಬಾಗಿಲ ಗುಂಡು ಆ ಯುದ್ಧದ್ದೇ ಅಂತ ನಾನು ಹೇಳುವುದಿಲ್ಲ. ಕೃಷ್ಣಾ-ತುಂಗಭದ್ರೆಯ ನಡುವಿನ ದೋಆಬಿಗಾಗಿ ಬಹಮನಿಗಳ ಕಾಲದಿಂದ ಎಷ್ಟು ದಂಡು ಈ ದಂಡೆಗಳಲ್ಲಿ ಓಡಾಡಿಲ್ಲ! ಯಾವ ದಂಡಿನದು ಅಂತ ಹೇಳಬಲ್ಲದ್ದು ಆ ದಿನ್ನೆ ಒಂದೇ. ಅದು ಈಗ ತೆಗ್ಗು.

ವಿಜಯಪುರಕ್ಕೆ ಹೋದಾಗಲೆಲ್ಲ ಷೇರ್ಜಾ ಬುರುಜು ಹತ್ತಿ ಮಲಿಕ್-ಎ-ಮೈದಾನ ಫಿರಂಗಿಯ ಪಕ್ಕ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಾಲ್ಕೂವರೆ ಮೀಟರಿನಷ್ಟು ಉದ್ದ, 55 ಟನ್ ತೂಕ ಅನ್ನುತ್ತಾರೆ. ಬಾಯಿ ಸಿಂಹದ್ದು, ದವಡೆಯಲ್ಲಿ ಆನೆ ಸಿಕ್ಕಿಕೊಂಡಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ತಾಳಿಕೋಟೆ ಯುದ್ಧದಲ್ಲಿ ಇದನ್ನೂ ಬಳಸಿದ್ದರು ಅಂತ ಪ್ರತೀತಿ. ವಿಜಯಪುರಕ್ಕೆ ಬಂದದ್ದು 1632ರಲ್ಲಿ, ಪರಾಂಡಾ ಕೋಟೆಯಿಂದ. ಇದಕ್ಕೂ ಒಂದು ಗಂಡಾಂತರ ಬಂದಿತ್ತು. 1854ರಲ್ಲಿ ಕೆಲಸಕ್ಕೆ ಬಾರದ ಹಳೆಯ ಫಿರಂಗಿಗಳನ್ನು ಮಾರಿಬಿಡಿ ಅಂತ ಬ್ರಿಟಿಷ್ ಅಧಿಕಾರಿಯ ಹುಕುಂ ಬಂತು. ಹರಾಜಿನಲ್ಲಿ ಮಲಿಕ್-ಎ-ಮೈದಾನಕ್ಕೆ ಬಂದ ದೊಡ್ಡ ಸವಾಲು 150 ರೂಪಾಯಿ. ಇಷ್ಟು ಕಡಿಮೆ ಬೆಲೆಗೆ ಕೊಡುವುದು ಬೇಡ, ಜನರೂ ಇದನ್ನು ಪೂಜ್ಯಭಾವದಿಂದ ನೋಡುತ್ತಾರೆ ಅಂತ ಆಗ ಕೈಕೆಳಗಿನ ಅಧಿಕಾರಿ ಮಾರಾಟ ತಡೆದ. ಅವನೊಬ್ಬ ಹಿಂದೆ ಮುಂದೆ ನೋಡದೆ ಸಹಿ ಹಾಕಿದ್ದರೆ ಅದು ಕರಗಿ ಪಾತ್ರೆ ಪಗಡ ಆಗುತ್ತಿತ್ತು. ಇವತ್ತು ಅದನ್ನು ನೋಡಲು ದೇಶದ ಎಲ್ಲ ಕಡೆಯಿಂದ ಬರುತ್ತಾರೆ. ಅದರ ಹೆಸರಿಗೆ ಮೈದಾನದ ಒಡೆಯ ಅಂತ ಅರ್ಥ. ಒಡೆಯನನ್ನು ಉಳಿಸಿಕೊಂಡಿದ್ದೇವೆ. ಮೈದಾನವನ್ನೂ ಉಳಿಸಿಕೊಳ್ಳಬೇಕು ಅನ್ನುವುದಷ್ಟೇ ನನ್ನ ಆಸೆ.

ಕಾಯ್ದೆ ಇಲ್ಲ ಅಂತಲ್ಲ. ಕೇಂದ್ರದ್ದು 1958ರದ್ದು, ರಾಜ್ಯದ್ದು 1961ರದ್ದು. ಎರಡರ ಹೆಸರಿನಲ್ಲೂ ಸ್ಮಾರಕದ ಜೊತೆಗೆ 'ನಿವೇಶನ ಮತ್ತು ಅವಶೇಷ' ಅನ್ನುವ ಮಾತು ಇದೆ. ಕೇಂದ್ರದ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೂ ಹಳೆಯ ಅವಶೇಷಗಳು ನೆಲದೊಳಗೆ ಇವೆ ಅಂತ ನಂಬಲು ಕಾರಣ ಇದ್ದರೂ ಆ ಜಾಗ ಅದರ ವ್ಯಾಪ್ತಿಗೆ ಬರಬಹುದು. ಆದರೆ ರೂಢಿಯಲ್ಲಿ ನಮ್ಮ ಕಣ್ಣು ಹೋಗುವುದು ಕಟ್ಟಡಕ್ಕೆ. ಗುಮ್ಮಟ ಇದ್ದರೆ, ಗೋಪುರ ಇದ್ದರೆ, ಕೋಟೆ ಗೋಡೆ ಇದ್ದರೆ ಫಲಕ ಬರುತ್ತದೆ. ಜೋಳ ಬೆಳೆದ ಬಯಲನ್ನು ನೋಡಿ ಇದೂ ಚರಿತ್ರೆ ಅಂತ ಅನ್ನಿಸುವುದು ಕಷ್ಟ.

ನಮ್ಮ ಹಿರಿಯರಿಗೆ ಅದು ಅನ್ನಿಸುತ್ತಿತ್ತು. ವೀರಗಲ್ಲುಗಳನ್ನು ನೋಡಿ. ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನಿಗೂ, ಊರು ಕಾಯುವಾಗ ಬಿದ್ದವನಿಗೂ ಒಂದು ಕಲ್ಲು. ಕೆಳಗಿನ ಪಟ್ಟಿಯಲ್ಲಿ ಕಾದಾಟ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಶಿವನ ಸನ್ನಿಧಿ, ಸೂರ್ಯ ಚಂದ್ರ. ರಾಜನ ಹೆಸರು ಇರುತ್ತದೆ, ಸತ್ತ ಸಾಮಾನ್ಯನ ಹೆಸರೂ ಇರುತ್ತದೆ. ನನ್ನ ಕೆಲಸದ ದಾರಿಯಲ್ಲಿ ಇಂಥ ಕಲ್ಲುಗಳನ್ನು ಹನುಮಪ್ಪನ ಗುಡಿ ಕಟ್ಟೆಯಲ್ಲಿ ನೋಡಿದ್ದೇನೆ, ಬಟ್ಟೆ ಒಗೆಯುವ ಕಲ್ಲಾಗಿ ನೋಡಿದ್ದೇನೆ, ಹಳ್ಳದ ಮೋರಿಗೆ ಅಡ್ಡ ಹಾಸಿದ್ದನ್ನೂ ನೋಡಿದ್ದೇನೆ. ಕೊನೆಯದನ್ನು ನೋಡಿದ ದಿನ ನಾನು ಅದನ್ನು ದಾಟದೆ ಸುತ್ತು ಹಾಕಿ ಹೋದೆ.

ರಕ್ಕಸಗಿ-ತಂಗಡಗಿಯಲ್ಲಿ ಬಿದ್ದವರಿಗೆ ಅಂಥ ಒಂದೊಂದು ಕಲ್ಲು ಯಾರು ನಿಲ್ಲಿಸಬೇಕಿತ್ತು? ಗೆದ್ದವರು ಹಂಪಿಯ ಕಡೆ ಓಡಿದರು. ಸೋತವರು ಪೆನುಕೊಂಡೆಯ ಕಡೆ ಓಡಿದರು. ಸತ್ತವರು ಅಲ್ಲೇ ಉಳಿದರು. ಎರಡೂ ಕಡೆ. ಸುಲ್ತಾನರ ಸೈನ್ಯದಲ್ಲಿ ಮರಾಠಿ ಮಾತಾಡುವ ಹಿಂದೂಗಳಿದ್ದರು. ರಾಮರಾಯನ ಸೈನ್ಯದಲ್ಲಿ ಮುಸಲ್ಮಾನ ಸರದಾರರಿದ್ದರು. ಅದರ ಹಿಂದಿನ ವರ್ಷಗಳಲ್ಲಿ ಇದೇ ಅಲಿ ಆದಿಲ್ ಷಾ ವಿಜಯನಗರಕ್ಕೆ ಹೋಗಿ, ಮಗನನ್ನು ಕಳೆದುಕೊಂಡ ರಾಮರಾಯನಿಗೆ ಸಾಂತ್ವನ ಹೇಳಿ ಬಂದಿದ್ದ. ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಿದ್ದಳು. ಇದನ್ನೂ ಫೆರಿಸ್ತಾನೇ ಬರೆದಿದ್ದಾನೆ. ರಣಭೂಮಿ ಉಳಿಸಿದರೆ ಹಳೆಯ ಗಾಯ ಕೆದಕಿದಂತೆ ಆಗುತ್ತದೆ ಅಂತ ಒಬ್ಬ ಗೆಳೆಯ ನನಗೆ ಹೇಳಿದ. ನನಗೆ ಹಾಗೆ ಅನ್ನಿಸುವುದಿಲ್ಲ. ಗಾಯ ಕೆದಕುವವರಿಗೆ ಜಾಗ ಬೇಕಿಲ್ಲ, ಮೈಕು ಸಾಕು. ಜಾಗಕ್ಕೆ ಹೋಗಿ ನಿಂತವನಿಗೆ ಮೊದಲು ಕಾಣುವುದು, ಇಷ್ಟು ಅಗಲದ ಬಯಲಿನಲ್ಲಿ ಎಷ್ಟು ಮಂದಿ ಸತ್ತಿರಬಹುದು ಅನ್ನುವುದು.

ಬೆಳಗಾವಿ ಕಡೆ ಸ್ವಲ್ಪ ಭಾಗ್ಯ ಇದೆ. ಕಿತ್ತೂರಿನಲ್ಲಿ ಕೋಟೆಯ ಅವಶೇಷ ಉಳಿದಿದೆ. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದ ದಿನವನ್ನು ಇವತ್ತಿಗೂ ಉತ್ಸವ ಮಾಡುತ್ತೇವೆ. ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಯ ಆಲದ ಮರಕ್ಕೆ ಹೆಣ್ಣುಮಕ್ಕಳು ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಅಂಥ ಮಗ ಹುಟ್ಟಲಿ ಅಂತ. ಆ ಜಾಗವನ್ನು ಮೊದಲು ಕಾಯ್ದದ್ದು ಆ ತೊಟ್ಟಿಲುಗಳು, ಕಾಯ್ದೆ ಬಂದದ್ದು ಆಮೇಲೆ. ಮುಧೋಳ ತಾಲೂಕಿನ ಹಲಗಲಿಯಲ್ಲಿ 1857ರ ನವೆಂಬರಿನಲ್ಲಿ ಬೇಡರು ಆಯುಧ ಒಪ್ಪಿಸುವುದಿಲ್ಲ ಅಂತ ನಿಂತರು. ಊರಿಗೆ ಬೆಂಕಿ ಹಚ್ಚಿದರು, ಹಿಡಿದವರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಅಲ್ಲಿನ ಚರಿತ್ರೆಯನ್ನು ಉಳಿಸಿದ್ದು ಒಂದು ಲಾವಣಿ. ಆ ಲಾವಣಿ ಹಾಡುವ ಓಣಿ, ಗುಡ್ಡಗಳ ನಡುವೆಯೇ ನಿಂತು ಅದನ್ನು ಕೇಳುವ ಭಾಗ್ಯ ನಮ್ಮ ಮೊಮ್ಮಕ್ಕಳಿಗೂ ಇರಬೇಕು.

ಉಳಿಸುವುದು ಅಂದರೆ ಕೂಡಲೇ ಸ್ಮಾರಕ ಕಟ್ಟೋಣ ಅನ್ನುತ್ತಾರೆ. ನನಗೆ ಅದೂ ಹೆದರಿಕೆಯೇ. ವಾಟರ್ಲೂ ಯುದ್ಧದ ಬಯಲಿನಲ್ಲಿ 1820ರ ದಶಕದಲ್ಲಿ ಸುಮಾರು 40 ಮೀಟರ್ ಎತ್ತರದ ಮಣ್ಣಿನ ಗುಡ್ಡ ಎಬ್ಬಿಸಿ ಮೇಲೆ ಸಿಂಹ ಕೂರಿಸಿದರು. ಆ ಮಣ್ಣನ್ನು ತೆಗೆದದ್ದು ಎಲ್ಲಿಂದ? ಸೈನಿಕರು ಮರೆ ನಿಂತು ಕಾದಾಡಿದ ಅದೇ ದಿಬ್ಬದಿಂದ. ನೆನಪಿಗೆ ಅಂತ ಕಟ್ಟಿದ್ದೇ ನೆಲದ ಏರಿಳಿತವನ್ನು ಅಳಿಸಿತು. ನಮ್ಮಲ್ಲೂ ಮೂರ್ತಿ, ಪಾರ್ಕು, ಕಾರಂಜಿ, ಪೇವರ್ ಹಾಸಿದ ಪಾರ್ಕಿಂಗ್ ಬಂದರೆ ಅಡಿಪಾಯಕ್ಕೇ ಅರ್ಧ ಸಾಕ್ಷಿ ಹೋಗುತ್ತದೆ.

ರಣಭೂಮಿಗೆ ಒಕ್ಕಲುತನದಷ್ಟು ಒಳ್ಳೆಯ ಕಾವಲು ಇನ್ನೊಂದಿಲ್ಲ. ಗಳೇ ಹೊಡೆದರೆ ಮೇಲಿನ ಒಂದಡಿ ಮಣ್ಣು ತಿರುವುತ್ತದೆ, ಇಳಿಜಾರು ಹಾಗೇ ಇರುತ್ತದೆ, ಹಳ್ಳ ಹಾಗೇ ಇರುತ್ತದೆ. 460 ವರ್ಷ ಈ ಬಯಲನ್ನು ಉಳಿಸಿದವರು ಜೋಳ, ಕಡಲೆ, ತೊಗರಿ ಬಿತ್ತಿದವರೇ. ಅವರನ್ನು ಎಬ್ಬಿಸಿ ತಂತಿಬೇಲಿ ಹಾಕುವುದು ದೊಡ್ಡ ಅನ್ಯಾಯ. ಅದರಲ್ಲೂ ಈ ಭಾಗದಲ್ಲಿ. ಆಲಮಟ್ಟಿಯ ಎತ್ತರ 519.60 ಮೀಟರಿನಿಂದ 524.256ಕ್ಕೆ ಏರುವ ಮಾತು ನಡೆದಿರುವಾಗ, ಇನ್ನೂ ಎಷ್ಟು ಊರು ಎದ್ದು ಹೋಗಬೇಕೋ ಅಂತ ಜನ ದಿನ ಎಣಿಸುತ್ತಿರುವಾಗ, ಇನ್ನೊಂದು ಸ್ವಾಧೀನದ ನೋಟಿಸು ಕೊಟ್ಟರೆ ಯಾರು ತಾನೇ ಸುಮ್ಮನಿದ್ದಾರು? ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಸಿಕ್ಕ ಬೆಲೆಬಾಳುವ ವಸ್ತುವನ್ನು ಸರ್ಕಾರಕ್ಕೆ ತಿಳಿಸಬೇಕು. ಹೊಲ ಹೋಗುತ್ತದೆ ಅನ್ನುವ ಭಯ ಇರುವವರೆಗೆ ಯಾರೂ ತಿಳಿಸುವುದಿಲ್ಲ. ಗುಂಡು ಬಾಗಿಲ ಬುಡದಲ್ಲೇ ಇರುತ್ತದೆ. ಅಥವಾ ರಾತ್ರಿ ಬಂದು ಅಗೆಯುವ ನಿಧಿಗಳ್ಳರ ಪಾಲಾಗುತ್ತದೆ.

ಇಂಗ್ಲೆಂಡಿನಲ್ಲಿ 1995ರಿಂದ ರಣಭೂಮಿಗಳದ್ದೇ ಒಂದು ಯಾದಿ ಇದೆ. 40ಕ್ಕೂ ಹೆಚ್ಚು ಬಯಲುಗಳು ಅದರಲ್ಲಿವೆ. ಜಮೀನು ರೈತನ ಹೆಸರಿನಲ್ಲೇ ಇರುತ್ತದೆ, ಉಳುಮೆಯೂ ಅವನದೇ. ಆದರೆ ಅಲ್ಲಿ ಏನಾದರೂ ಕಟ್ಟಲು ಅರ್ಜಿ ಬಂದರೆ ಅಧಿಕಾರಿಗಳು ಮೊದಲು ಆ ಯಾದಿ ನೋಡಲೇಬೇಕು. ನಮ್ಮಲ್ಲಿ ಇದಕ್ಕೆ ಜಾಸ್ತಿ ಖರ್ಚೂ ಬೇಡ. ಉತಾರದ, ಅಂದರೆ ಪಹಣಿಯ, 11ನೇ ಕಾಲಂನಲ್ಲಿ ಬ್ಯಾಂಕಿನ ಬೋಜಾ ಬರೆಯುತ್ತೇವಲ್ಲ, ಅಲ್ಲೇ ಒಂದು ಸಾಲು ಬರೆದರೆ ಸಾಕು. ಇಲ್ಲಿ ಬಿತ್ತಬಹುದು, ಬೆಳೆಯಬಹುದು, ಮಾರಬಹುದು, ಮಗನಿಗೆ ಪಾಲು ಕೊಡಬಹುದು. ಗರಸು ತೆಗೆಯುವ ಮುಂಚೆ, ಎನ್‌ಎ ಮಾಡುವ ಮುಂಚೆ ಪುರಾತತ್ವ ಇಲಾಖೆಯವರು ಬಂದು ಒಮ್ಮೆ ನೋಡಬೇಕು. ಪ್ಲಾಟ್ ಹಾಕದೆ ಬಿಟ್ಟ ರೈತನಿಗೆ ಅದರ ನಷ್ಟ ತುಂಬಿಕೊಡಬೇಕು, ವರ್ಷ ವರ್ಷ. ಬರೀ ಹೆಮ್ಮೆ ಪಡು ಅಂದರೆ ಅವನ ಹೊಟ್ಟೆ ತುಂಬುವುದಿಲ್ಲ. ಚರಿತ್ರೆ ಎಲ್ಲರದು ಅಂದ ಮೇಲೆ ಅದರ ಖರ್ಚೂ ಎಲ್ಲರದಾಗಬೇಕು. ಮೊದಲ ಕೆಲಸ ಮಾತ್ರ ನಕ್ಷೆ. ತಂಗಡಗಿಯಿಂದ ರಕ್ಕಸಗಿವರೆಗೆ, ಅಲ್ಲಿಂದ ಮುದಗಲ್ಲಿನ ದಿಕ್ಕಿಗೆ, ಹಳ್ಳಿ ಹಳ್ಳಿಯಲ್ಲಿ ಯಾರಿಗೆ ಏನು ಎಲ್ಲಿ ಸಿಕ್ಕಿದೆ ಅಂತ ಕೇಳಿ ಬರೆದುಕೊಳ್ಳುವುದು. ಹೇಳುವವರಿಗೆ ಎಪ್ಪತ್ತು ಎಂಬತ್ತು ವಯಸ್ಸಾಗಿದೆ. ನನ್ನ ಅಪ್ಪನ ಹಾಗೆ ಅವರೂ ಹೋದರೆ ಬೆರಳು ತೋರಿಸುವವರು ಇರುವುದಿಲ್ಲ.

ಈ ಜನವರಿಯಲ್ಲಿ ಮತ್ತೆ ಆ ಅಜ್ಜಿಯ ಹೊಲಕ್ಕೆ ಹೋಗಿದ್ದೆ. ಈ ಸಲ ಯಾರ ಕೆಲಸವೂ ಇರಲಿಲ್ಲ. ಊರ ಹೆಸರು, ಸರ್ವೇ ನಂಬರು ಎಲ್ಲೂ ಬರೆಯುವುದಿಲ್ಲ ಅಂತ ಮೊದಲು ಮಾತು ಕೊಟ್ಟೆ. ನೀವೇ ಹೇಳುವವರೆಗೆ ಈ ಕಾಗದ ನನ್ನ ಮನೆಯಲ್ಲೇ ಇರುತ್ತದೆ ಅಂದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, ತನ್ನ ಗಂಡನಿಗೆ ಲಿಂಬಿಹಣ್ಣಿನಷ್ಟು ಸಣ್ಣ ಗುಂಡುಗಳೂ ಸಿಕ್ಕಿದ್ದವು, ಮಕ್ಕಳು ಆಡಿ ಕಳೆದರು ಅಂದಳು. ಅವು ಸಿಕ್ಕ ಜಾಗ ಬೇರೆ. ಅಲ್ಲಿ ಇನ್ನೂ ಯಾರೂ ಅಗೆದಿಲ್ಲ.

ಸೊಂಟಕ್ಕೆ ಸೆರಗು ಸಿಗಿಸಿ ಅವಳೇ ಮುಂದೆ ನಡೆದಳು. ಜೋಳ ಎದೆಯ ಮಟ್ಟಕ್ಕಿತ್ತು, ತೆನೆ ಹಾಲುಗಟ್ಟಿತ್ತು. ಬೇವಿನ ಮರ ದಾಟಿ, ಒಂದು ಒಡ್ಡು ಹತ್ತಿ ಇಳಿದು, ಒಂದು ಕಡೆ ನಿಂತಳು. ನಾನು ರೋವರ್ ಕಂಬ ಊರಿದೆ. ಮಟ್ಟ ತೋರಿಸುವ ಗುಳ್ಳೆ ನಡುವಿಗೆ ಬರುವವರೆಗೆ ಕಂಬ ನೆಟ್ಟಗೆ ಮಾಡಿ, ಗುಂಡಿ ಒತ್ತಲು ಹೋದಾಗ ಅವಳು ಕೈ ಅಡ್ಡ ಹಿಡಿದಳು. ಮರದ ಕಡೆ ನೋಡಿದಳು, ಒಡ್ಡಿನ ಕಡೆ ನೋಡಿದಳು.

"ಇಲ್ಲಲ್ಲ ತಮ್ಮಾ," ಅಂದಳು. "ಇನ್ನ ಎರಡ ಹೆಜ್ಜಿ ಈ ಕಡೆ."

ಕಂಬ ಕಿತ್ತು ಎರಡು ಹೆಜ್ಜೆ ಆ ಕಡೆ ಊರಿದೆ.